ಕೊಳವೆಗಳಲ್ಲಿ ಬಿಸಿನೀರಿನ ಸಂಚಾರ

ಐಸ್‌ಲೆಂಡ್ ದ್ವೀಪದ ಪ್ರಾಚೀನ ಸಾಹಿತ್ಯವನ್ನು ಬಲ್ಲವರಿಗೆ ಸ್ನೊರಿ ಸ್ಟುರ್ಲುಸೊನ್ ಎಂಬ ಹೆಸರು ಅಪರಿಚಿತವಾದುದಲ್ಲ. ಕ್ರಿ. ಶ. ೧೧೭೯ರಿಂದ ೧೨೪೧ರ ವರೆಗೆ ಬಾಳಿದ ಈ ಪಂಡಿತನು ತನ್ನ ನಾಡಿನ ಪುರಾಣಕಥೆಗಳನ್ನೂ ಕಾವ್ಯಲಕ್ಷಣವನ್ನೂ ಗದ್ಯ ಎಡ್ಡಾ ಎಂಬ ಗ್ರಂಥದಲ್ಲಿ ಒಟ್ಟುಗೂಡಿಸಿ ಉಳಿಸಿಕೊಟ್ಟವನು. ಇವನು ವಾಸವಾಗಿದ್ದ ರೇಕ್‌ಹೋಲ್ಟ್ ಎಂಬ ಗ್ರಾಮದಲ್ಲಿ ಕಲ್ಲಿನಿಂದ ಕಟ್ಟಿದ ಒಂದು ದುಂಡನೆಯ ಸ್ನಾನಕುಂಡವು ಇಂದಿಗೂ ಇರುವುದು. ಸಮೀಪದ ಬಿಸಿನೀರಿನ ಬುಗ್ಗೆಯಿಂದ ಕಲ್ಲಿನ ಕಾಲುವೆಯ ಮೂಲಕ ನೀರನ್ನು ಆ ಕುಂಡಕ್ಕೆ ತರಲಾಗುತ್ತಿತ್ತು. ಒಂದೆಡೆಯಲ್ಲಿರುವ ಶಾಖವನ್ನು ನೀರಿನ ಮೇಲೆ ಹೊರಿಸಿ ಮತ್ತೊಂದೆಡೆಗೆ ಸಾಗಿಸುವ ಉಪಾಯವು ಇಷ್ಟು ಹಳೆಯದು. ಈಗ ಶೀತದೇಶಗಳ ಅಸಂಖ್ಯ ಮನೆಗಳು, ಆಸ್ಪತ್ರೆಗಳು, ಶಾಲೆಗಳು ಇದೇ ಉಪಾಯದಿಂದ ಚಳಿಗಾಲವನ್ನು ಕಳೆಯುತ್ತಿರುವುವು.

ಬಿಸಿನೀರಿನ ಈ ಸಂಚಾರದ ನಿಯಮಗಳನ್ನು ಸಾಧ್ಯವಾದಷ್ಟು ಸುಲಭವಾಗಿ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಭಾಷಾಸಾಹಿತ್ಯಗಳಲ್ಲಿ ಆಸಕ್ತರಾದ ವಾಚಕರ ಮುಂದೆ ಇಂಥ ವಿಷಯವನ್ನು ಇಡುವುದೇಕೆಂದು ಯಾರಾದರೂ ಕೇಳಬಹುದು. ಶಾಸ್ತ್ರಗ್ರಂಥಗಳಿಗೆ ಬೇಕಾದ ಶಬ್ದಗಳನ್ನು ಕೊಡುವವರೂ ತಿದ್ದುವವರೂ ಕಡೆಗೆ ಭಾಷೆಯ ಅಧ್ಯಾಪಕರೇ. ವಸ್ತುವನ್ನು ಅರಿಯದೆ ಕಟ್ಟಿದ ಶಬ್ದವು ವಿದ್ಯಾರ್ಥಿಯನ್ನು ತಪ್ಪುದಾರಿಗೆ ಎಳೆಯುವುದು. ಈ ವಿಷಯದಲ್ಲಿ ಹಾಗೆ ಎಳೆಯಬಹುದಾದ ಒಂದು ಶಬ್ದವಿದೆ. ಅದನ್ನು ಅದರ ಸ್ಥಳದಲ್ಲಿಯೇ ವಿಚಾರಿಸುವೆನು.

೧. ವ್ಯವಸ್ಥೆಯ ಸ್ವರೂಪ

ನಮ್ಮ ಬಚ್ಚಲುಮನೆಯ ಹಂಡೆಯನ್ನು ನೆನೆದುಕೊಂಡರೆ ವ್ಯವಸ್ಥೆಯ ಅರ್ಧಭಾಗವು ತಿಳಿದಂತಾಯಿತು. ಕೆಳಗಿನ ಅಂತಸ್ತಿನಲ್ಲಿ ಬಾಯ್ಲರು ಎಂಬ ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯುವುದು. ಅಲ್ಲಿಂದ ಹೊರಟ ಕೊಳವೆಯು ಕವಲುಗಳಾಗಿ ಒಡೆದು ಪ್ರತಿಯೊಂದು ಕೋಣೆಯಲ್ಲಿರುವ ರೇಡಿಯೇಟರಿಗೆ, ಎಂದರೆ ಪೊಳ್ಳಾದ ಲೋಹದ ಹಲಗೆಗೆ, ಸೇರುವುದು. ನೀರು ಅದರೊಳಗೆ ಹಾದುಹೋಗುವಾಗ ತನ್ನ ಶಾಖದ ಒಂದಂಶವನ್ನು ಕೋಣೆಯ ಗಾಳಿಗೂ ಗೋಡೆಗಳಿಗೂ ಕೊಟ್ಟು, ಬೇರೊಂದು ಕೊಳವೆಯಿಂದ ಬಾಯ್ಲರಿಗೆ ಹಿಂದಿರುಗುವುದು. ಹಂಡೆಯ ನೀರು ಮೈಮೇಲೆ ಬಿದ್ದು ಮೋರಿ ಸೇರುವುದು. ಈ ನೀರಾದರೋ ಎಂದೂ ಹೊರಕ್ಕೆ ಬಾರದೆ ವರ್ಷಗಟ್ಟಲೆ ಅದೇ ಸುತ್ತಿನಲ್ಲಿ ತಿರುಗುವುದು. ಖರ್ಚಾಗುವುದು ಶಾಖ ಮಾತ್ರ. ನೀರು ಅದರ ವಾಹನ.

ಈ ಕೆಲಸಕ್ಕೆ ನೀರನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಒಂದು ಕೋಣೆಯಲ್ಲಿ ಚಳಿಯನ್ನು ತಡೆಯಲು ೧೦೦೦ ವಾಟ್ ಶಾಖವು ಸತತವಾಗಿ ಬೇಕೆಂದು ಇಟ್ಟುಕೊಳ್ಳೋಣ. ನೀರು ೯೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ರೇಡಿಯೇಟರನ್ನು ಹೊಕ್ಕು ೭೦ ಡಿಗ್ರಿಯಲ್ಲಿ ಹೊರಟರೆ ಒಂದೊಂದು ಕಿಲೋಗ್ರಾಂ ನೀರು ೨೦ ಕಿಲೋಕ್ಯಾಲರಿಗಳಷ್ಟು ಶಾಖವನ್ನು ಬಿಟ್ಟುಕೊಡುವುದು. ಆದುದರಿಂದ ಗಂಟೆಗೆ ಸುಮಾರು ೪೩ ಕಿಲೋಗ್ರಾಂ ನೀರು, ಎಂದರೆ ಎರಡು ಮೂರು ಕೊಡಗಳಷ್ಟು, ಹಾದುಹೋದರೆ ಸಾಕು. ಅದೇ ಕೆಲಸವನ್ನು ಅಷ್ಟೇ ತಾಪದ ಇಳಿತದಿಂದ ಗಾಳಿಯಿಂದ ಮಾಡಿಸುವುದಾದರೆ ಗಂಟೆಗೆ ಸುಮಾರು ೧೫೦ ಘನ ಮೀಟರು ಗಾಳಿಯನ್ನು ಸಾಗಿಸಬೇಕಾಗುವುದು. ಒಂದೇ ಗಾತ್ರದ ನೀರು ಗಾಳಿಗಿಂತ ಮೂರು ಸಾವಿರಮಡಿಗೂ ಹೆಚ್ಚಾಗಿ ಶಾಖವನ್ನು ಹೊರಬಲ್ಲದು. ಬೆರಳುಗಾತ್ರದ ಕೊಳವೆಯು ಒಂದು ಕೋಣೆಯನ್ನು ಬೆಚ್ಚಗಿಡುವುದರ ರಹಸ್ಯವಿದು.

೨. ನೀರನ್ನು ನಡೆಸುವ ಬಲ

ಈ ನೀರನ್ನು ಸುತ್ತಿಸುವುದು ಯಾವುದು? ಮೊದಮೊದಲು ಇದಕ್ಕೆ ಯಂತ್ರದ ನೆರವು ಇರಲಿಲ್ಲ. ೧೭೧೬ರಲ್ಲಿ ಸ್ವೀಡನ್ ದೇಶದ ಮಾರ್ಟೆನ್ ಟ್ರೀವಾಲ್ಡ್ ಎಂಬವನು ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಗಿಡಗಳನ್ನು ಬೆಳೆಸುವ ಗಾಜಿನ ಮನೆಯೊಂದನ್ನು ಬಿಸಿನೀರಿನಿಂದ ಕಾಯಿಸಿದನು. ೧೭೭೭ರಲ್ಲಿ ಫ್ರಾನ್ಸಿನ ಬೊನ್‌ಮ್ಯಾಂ ಎಂಬವನು ಕೋಳಿಮೊಟ್ಟೆಗಳನ್ನು ಮರಿ ಮಾಡಿಸಲು ಇದೇ ಉಪಾಯವನ್ನು ಬಳಸಿದನು. ಹೀಗೆ ಈ ವಿದ್ಯೆಯು ಮನುಷ್ಯನ ವಾಸಗೃಹಕ್ಕೆ ಬರುವುದಕ್ಕೆ ಮುಂಚೆ ಗಿಡಗಳಿಗೂ ಕೋಳಿಮರಿಗಳಿಗೂ ಸೇವೆ ಸಲ್ಲಿಸಿತು.

ಇಲ್ಲಿ ಕೆಲಸಮಾಡುವುದು ಭಾರದ ವ್ಯತ್ಯಾಸ. ಕಾದ ನೀರು ಹಿಗ್ಗುವುದರಿಂದ ಹಗುರವಾಗುವುದು. ೭೦ ಡಿಗ್ರಿಯಲ್ಲಿ ಒಂದು ಲೀಟರು ನೀರಿನ ತೂಕವು ೯೭೭.೮ ಗ್ರಾಂ; ೯೦ ಡಿಗ್ರಿಯಲ್ಲಿ ೯೬೫.೩ ಗ್ರಾಂ. ಬಾಯ್ಲರಿನಿಂದ ಮೇಲೇರುವ ಕೊಳವೆಯಲ್ಲಿ ಹಗುರವಾದ ನೀರೂ, ರೇಡಿಯೇಟರಿನಿಂದ ಕೆಳಗಿಳಿಯುವ ಕೊಳವೆಯಲ್ಲಿ ಭಾರವಾದ ನೀರೂ ಇರುವುದರಿಂದ ತಕ್ಕಡಿಯ ಎರಡು ತಟ್ಟೆಗಳು ಸಮವಾಗಿ ನಿಲ್ಲಲಾರವು. ಭಾರವಾದುದು ಇಳಿದು ಹಗುರವಾದುದನ್ನು ಮೇಲಕ್ಕೆ ತಳ್ಳುವುದು. ಒಲೆಯಲ್ಲಿ ಉರಿ ಇರುವವರೆಗೂ ಈ ಚಕ್ರವು ತಾನಾಗಿಯೇ ತಿರುಗುತ್ತಿರುವುದು. ಆದರೆ ಈ ಬಲವು ಬಹು ಅಲ್ಪವಾದುದು. ಎರಡು ಕೊಳವೆಗಳೂ ಐದು ಮೀಟರು ಎತ್ತರವಾಗಿದ್ದರೆ ಅವುಗಳ ನಡುವಣ ಒತ್ತಡದ ಅಂತರವು ಸುಮಾರು ಆರು ಸೆಂಟಿಮೀಟರು ಎತ್ತರದ ನೀರಿನ ಭಾರಕ್ಕೆ ಸಮವಾಗುವುದು. ಇಷ್ಟರಿಂದಲೇ ಇಡೀ ಮನೆಯ ನೀರನ್ನು ಸುತ್ತಿಸಬೇಕಾದುದರಿಂದ ಹಳೆಯ ಕಟ್ಟಡಗಳಲ್ಲಿ ದಪ್ಪ ಕೊಳವೆಗಳನ್ನು ಹಾಕುತ್ತಿದ್ದರು. ಈಗ ಸಣ್ಣ ವಿದ್ಯುತ್ ಪಂಪೊಂದು ಎರಡು ಮೂರು ಮೀಟರು ನೀರಿನ ಭಾರಕ್ಕೆ ಸಮನಾದ ಒತ್ತಡವನ್ನು ಸುಲಭವಾಗಿ ಒದಗಿಸುವುದರಿಂದ ಕೊಳವೆಗಳು ಸಣ್ಣವಾಗಿರುವುವು.

ಇಲ್ಲೊಂದು ಸಂದೇಹವು ಹುಟ್ಟುವುದು ಸಹಜ. ಹತ್ತು ಮೀಟರು ಎತ್ತರದ ಮಾಳಿಗೆಗೆ ನೀರನ್ನು ಏರಿಸಲು ಎರಡು ಮೀಟರಿನ ಪಂಪು ಸಾಕಾಗುವುದು ಹೇಗೆ? ಬಾವಿಯ ರಾಟೆಯ ಮೇಲೆ ಹಗ್ಗವನ್ನು ಹಾಯಿಸಿ ಎರಡು ತುದಿಗಳಿಗೂ ತುಂಬಿದ ಕೊಡಗಳನ್ನು ಕಟ್ಟಿದರೆ ಒಂದು ಇಳಿಯುತ್ತ ಮತ್ತೊಂದನ್ನು ಏರಿಸುವುದು. ಸೇದುವವನು ಕೊಡದ ಭಾರವನ್ನು ಹೊರಬೇಕಾಗಿಲ್ಲ. ರಾಟೆಯ ಅಚ್ಚಿನ ಉಜ್ಜಾಟವನ್ನು ಮೀರಿಸಿದರೆ ಸಾಕು. ಮುಚ್ಚಿದ ಸುತ್ತಿನಲ್ಲಿಯೂ ಹಾಗೆಯೇ ಮೇಲೇರುವ ನೀರನ್ನು ಇಳಿಯುವ ನೀರು ತೂಗುವುದು. ಪಂಪಿನ ಪಾಲಿಗೆ ಉಳಿಯುವುದು ಕೊಳವೆಯ ಘರ್ಷಣೆಯೊಂದೇ. ಆದುದರಿಂದ ಈ ಘರ್ಷಣೆಯ ಸ್ವರೂಪವನ್ನು ತಿಳಿಯುವುದೇ ಈ ಶಾಸ್ತ್ರದ ಮುಖ್ಯ ಪ್ರಶ್ನೆ.

೩. ತಡೆಯುವ ಗುಣ

ನೀರು ಕೊಳವೆಯಲ್ಲಿ ಕಟ್ಟಿಗೆಯ ತುಂಡಿನಂತೆ ಒಟ್ಟಾಗಿ ಜಾರುವುದಿಲ್ಲ. ಗೋಡೆಯನ್ನು ಮುಟ್ಟಿಕೊಂಡಿರುವ ತೆಳುಪದರವು ಅಲ್ಲಿಯೇ ಅಂಟಿ ನಿಲ್ಲುವುದು. ಅದರ ಪಕ್ಕದ ಪದರವು ಮೆಲ್ಲನೆಯೂ, ಅದರ ಪಕ್ಕದ್ದು ಮತ್ತಷ್ಟು ಬೇಗನೆಯೂ ಚಲಿಸುವುದು. ನಟ್ಟನಡುವೆ ವೇಗವು ಅತ್ಯಧಿಕವಾಗಿರುವುದು. ನಿಧಾನವಾದ ಪದರವು ಪಕ್ಕದ ವೇಗವಾದ ಪದರವನ್ನು ಹಿಂದಕ್ಕೆ ಎಳೆಯುವುದು. ಪದರಗಳ ಈ ಪರಸ್ಪರ ಎಳೆತವನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಸ್ನಿಗ್ಧತೆ ಎಂದು ಕರೆಯುವರು. ೧೬೮೭ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ನ್ಯೂಟನ್ ಇದನ್ನು ದ್ರವದ ಭಾಗಗಳಲ್ಲಿ ಜಾರುವ ಗುಣದ ಕೊರತೆಯೆಂದು ಭಾವಿಸಿ, ಪಕ್ಕಪಕ್ಕದ ಭಾಗಗಳ ವೇಗದ ಅಂತರಕ್ಕೆ ಅನುಗುಣವಾಗಿ ತಡೆಯು ಹೆಚ್ಚುವುದೆಂದು ಊಹಿಸಿದನು.

ಈಗ ಶಬ್ದದ ವಿಚಾರಕ್ಕೆ ಬರೋಣ. ಕನ್ನಡದಲ್ಲಿ ಸ್ನಿಗ್ಧ ಎಂದರೆ ಸಾಮಾನ್ಯವಾಗಿ ನುಣುಪಾದ, ಹೊಳಪುಳ್ಳ, ಕೋಮಲವಾದ ಎಂಬ ಅರ್ಥವೇ ಮೊದಲು ಹೊಳೆಯುವುದು. ಸ್ನಿಗ್ಧತೆ ಹೆಚ್ಚಾದಂತೆಲ್ಲ ದ್ರವವು ನುಣುಪಾಗಿ ಜಾರಿಹೋಗುವುದೆಂದು ವಿದ್ಯಾರ್ಥಿಯು ತಿಳಿದರೆ ಅದು ಅವನ ತಪ್ಪಲ್ಲ. ವಾಸ್ತವವಾದರೋ ಇದಕ್ಕೆ ವಿರುದ್ಧವಾದುದು. ಆದರೆ ಧಾತುವನ್ನು ನೋಡಿದರೆ ಶಬ್ದವನ್ನು ಆರಿಸಿದವರ ಅಭಿಪ್ರಾಯವು ತಿಳಿಯುವುದು. ಸ್ನಿಹ್ ಎಂಬ ಧಾತುವಿಗೆ ಅಂಟಿಕೊಳ್ಳು, ಸಕ್ತವಾಗು ಎಂಬ ಅರ್ಥವುಂಟು. ಸ್ನೇಹಿತನು ಸ್ನೇಹಿತನಾದುದೂ, ಎಣ್ಣೆಗೆ ಸ್ನೇಹವೆಂಬ ಹೆಸರು ಬಂದುದೂ ಅದರಿಂದಲೇ.

ತರ್ಕಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಮತ್ತೊಂದು ಸಂಗತಿಯು ನೆನಪಿಗೆ ಬರುವುದು. ತರ್ಕಸಂಗ್ರಹದಂಥ ಗ್ರಂಥಗಳಲ್ಲಿ ಗುಣಗಳನ್ನು ಎಣಿಸುವಾಗ ದ್ರವತ್ವವನ್ನು ಬೇರೆಯಾಗಿಯೂ ಸ್ನೇಹವನ್ನು ಬೇರೆಯಾಗಿಯೂ ಹೇಳಿರುವುದು. ದ್ರವತ್ವವು ಹರಿಯುವಿಕೆಗೆ ಕಾರಣವಾದ ಗುಣ. ಸ್ನೇಹವು ಹಿಟ್ಟು ಮೊದಲಾದ ಪುಡಿಗಳು ಉಂಡೆಯಾಗುವುದಕ್ಕೆ ಕಾರಣವಾದ ಗುಣ, ಅದು ನೀರಿನಲ್ಲಿ ಮಾತ್ರ ಇರುವುದು. ನಮ್ಮ ಪ್ರಾಚೀನರು ಇಂದಿನ ಭೌತಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸುವುದು ಸಲ್ಲದು. ಉಂಡೆಕಟ್ಟುವ ಗುಣವೂ ಪದರಗಳ ಎಳೆತವೂ ಒಂದೇ ಅಲ್ಲ. ಆದರೂ ಹರಿಸುವ ಗುಣವೊಂದು, ಹಿಡಿದಿಡುವ ಗುಣವೊಂದು ಎಂದು ವಿಂಗಡಿಸಿ ಯೋಚಿಸುವ ಪದ್ಧತಿಯು ನಮ್ಮ ಭಾಷೆಗೆ ಹೊಸದಲ್ಲವೆಂಬುದು ಸ್ಪಷ್ಟ. ದೇಶ್ಯದಲ್ಲಿ ಜಿಗುಟು ಎಂಬ ಮಾತು ಇದೇ ಅರ್ಥವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಸುವುದು.

ಜಿಗುಟು ಶಾಖದಿಂದ ಕಡಿಮೆಯಾಗುವುದೆಂಬುದನ್ನು ಆಲೆಮನೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವಾಗ ಸಲೀಸಾಗಿ ಸುರಿಯುವ ಪಾಕವು ಆರುತ್ತ ಬಂದಂತೆ ಎಳೆಯೆಳೆಯಾಗಿ ಹಿಡಿದುಕೊಳ್ಳುವುದು. ನೀರಿನಲ್ಲಿಯೂ ಇದು ಉಂಟು. ೨೦ ಡಿಗ್ರಿಯಲ್ಲಿ ನೀರಿನ ಜಿಗುಟನ್ನು ೧೦೦ ಎಂದು ಇಟ್ಟುಕೊಂಡರೆ ೮೦ ಡಿಗ್ರಿಯಲ್ಲಿ ಅದು ಸುಮಾರು ೩೫ಕ್ಕೆ ಇಳಿಯುವುದು.

ಕೊಳವೆಯ ಅಗಲಕ್ಕೂ ಹರಿವಿಗೂ ಇರುವ ಸಂಬಂಧವನ್ನು ಮೊದಲು ಪ್ರಯೋಗದಿಂದ ನಿರ್ಣಯಿಸಿದವರು ಇಬ್ಬರು. ಒಬ್ಬನು ಜರ್ಮನಿಯ ಜಲಶಿಲ್ಪಿ ಹೇಗನ್. ಅವನು ಹಿತ್ತಾಳೆಯ ಕೊಳವೆಗಳಲ್ಲಿ ಪ್ರಯೋಗಮಾಡಿ ೧೮೩೯ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದನು. ಮತ್ತೊಬ್ಬನು ಪ್ಯಾರಿಸ್ಸಿನ ವೈದ್ಯ ಪ್ವಾಸೆಯ್. ರಕ್ತವು ಕೂದಲಿನಂಥ ನಾಳಗಳಲ್ಲಿ ಹೇಗೆ ಹರಿಯುವುದೆಂಬುದು ಅವನ ಜಿಜ್ಞಾಸೆ. ಅದಕ್ಕಾಗಿ ಸೂಕ್ಷ್ಮವಾದ ಗಾಜಿನ ನಳಿಗೆಗಳಲ್ಲಿ ನೀರನ್ನು ಹಾಯಿಸಿ ೧೮೪೦-೪೧ರಲ್ಲಿ ಅದೇ ನಿಯಮವನ್ನು ಸ್ವತಂತ್ರವಾಗಿ ಕಂಡುಕೊಂಡನು. ಆ ನಿಯಮವೇನೆಂದರೆ: ಹರಿಯುವ ಪರಿಮಾಣವು ಒತ್ತಡದ ಅಂತರಕ್ಕೆ ಅನುಗುಣವಾಗಿಯೂ, ಕೊಳವೆಯ ಉದ್ದಕ್ಕೂ ದ್ರವದ ಜಿಗುಟಿಗೂ ವಿಲೋಮವಾಗಿಯೂ, ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿಯೂ ಇರುವುದು. ವ್ಯಾಸವನ್ನು ಇಮ್ಮಡಿಸಿದರೆ ಹರಿವು ಎರಡು ಮಡಿಯೂ ಅಲ್ಲ, ನಾಲ್ಕು ಮಡಿಯೂ ಅಲ್ಲ, ಹದಿನಾರು ಮಡಿಯಾಗುವುದು. ಹಾಗೆಯೇ ಅರ್ಧಕ್ಕೆ ಇಳಿಸಿದರೆ ಹದಿನಾರರಲ್ಲಿ ಒಂದು ಪಾಲು ಉಳಿಯುವುದು. ಕಿರಿದಾದ ರಕ್ತನಾಳವು ಎಷ್ಟು ಅಪಾಯಕರವೆಂಬುದನ್ನೂ, ತುಕ್ಕು ಕಟ್ಟಿದ ಕೊಳವೆಯು ಎಷ್ಟು ಬೇಗ ನಿರುಪಯುಕ್ತವಾಗುವುದೆಂಬುದನ್ನೂ ಇದರಿಂದ ಊಹಿಸಬಹುದು.

೪. ಸ್ತರಪ್ರವಾಹ ಮತ್ತು ಕ್ಷುಬ್ಧಪ್ರವಾಹ

ಈ ನಿಯಮವು ಸೂಕ್ಷ್ಮನಳಿಗೆಗಳಿಗೆ ಸರಿಯಾಗಿ ಹೊಂದಿದರೂ ಊರಿಗೆ ನೀರು ತರುವ ದೊಡ್ಡ ಕೊಳವೆಗಳಿಗೆ ಹೊಂದಲಿಲ್ಲ. ನೀರಿನ ವೇಗವು ಒಂದು ಮೇರೆಯನ್ನು ದಾಟಿದ ಮೇಲೆ ಅದರ ಗತಿಯೇ ಬೇರೆಯಾಗುವುದನ್ನು ಹೇಗನ್ ಕೂಡ ಗಮನಿಸಿದ್ದನು. ಇದರ ಮರ್ಮವನ್ನು ಕಣ್ಣಿಗೆ ಕಾಣುವಂತೆ ಮಾಡಿದವನು ಮ್ಯಾಂಚೆಸ್ಟರಿನ ಆಸ್ಬರ್ನ್ ರೇನಾಲ್ಡ್ಸ್. ೧೮೮೩ರಲ್ಲಿ ಪ್ರಕಟವಾದ ಅವನ ಪ್ರಯೋಗವು ಅತಿ ಸರಳವಾದುದು. ನೀರಿನ ತೊಟ್ಟಿಯೊಳಗಿಂದ ಗಾಜಿನ ಕೊಳವೆಯೊಂದರ ಮೂಲಕ ನೀರನ್ನು ಹರಿಯಬಿಟ್ಟು, ಕೊಳವೆಯ ಬಾಯಿಯಲ್ಲಿ ಸಣ್ಣ ಎಳೆಯಾಗಿ ಬಣ್ಣವನ್ನು ಸೇರಿಸಿದನು. ವೇಗವು ಕಡಿಮೆಯಾಗಿದ್ದಾಗ ಆ ಬಣ್ಣದ ಎಳೆಯು ಕೊಳವೆಯ ಉದ್ದಕ್ಕೂ ದಾರದಂತೆ ನೆಟ್ಟಗೆ ಸಾಗಿತು. ವೇಗವನ್ನು ಹೆಚ್ಚಿಸುತ್ತ ಹೋದಾಗ ಒಂದು ಹಂತದಲ್ಲಿ ಎಳೆಯು ನಡುಗಿ, ಕದಡಿ, ಕೊಳವೆಯ ತುಂಬ ಬಣ್ಣವು ಹರಡಿತು. ಒಳಗೆ ಸುಳಿಗಳು ಎದ್ದಿದ್ದುವು.

ಮೊದಲಿನದನ್ನು ಸ್ತರಪ್ರವಾಹವೆಂದೂ, ಎರಡನೆಯದನ್ನು ಕ್ಷುಬ್ಧಪ್ರವಾಹವೆಂದೂ ಕರೆಯಬಹುದು. ಯಾವುದು ಯಾವಾಗ ಎಂಬುದನ್ನು ನಿರ್ಣಯಿಸಲು ರೇನಾಲ್ಡ್ಸನು ಒಂದು ಸಂಖ್ಯೆಯನ್ನು ಹೇಳಿದನು. ದ್ರವದ ಸಾಂದ್ರತೆ, ವೇಗ, ಕೊಳವೆಯ ವ್ಯಾಸ ಈ ಮೂರನ್ನು ಗುಣಿಸಿ ಜಿಗುಟಿನಿಂದ ಭಾಗಿಸಿದರೆ ಬರುವುದೇ ಆ ಸಂಖ್ಯೆ. ೧೯೦೮ರಲ್ಲಿ ಜರ್ಮನಿಯ ಭೌತವಿಜ್ಞಾನಿ ಸೋಮರ್‌ಫೆಲ್ಡ್ ಇದಕ್ಕೆ ರೇನಾಲ್ಡ್ಸನ ಹೆಸರನ್ನೇ ಇಟ್ಟನು. ಅದು ಸುಮಾರು ೨೦೦೦ಕ್ಕಿಂತ ಕಡಿಮೆಯಾಗಿದ್ದರೆ ಪ್ರವಾಹವು ಶಾಂತವಾಗಿರುವುದು; ೪೦೦೦ವನ್ನು ದಾಟಿದರೆ ಸಾಮಾನ್ಯವಾಗಿ ಕ್ಷುಬ್ಧವಾಗಿರುವುದು; ನಡುವೆ ಇರುವುದು ಸಂಧಿಕಾಲ. ನೀರಿನ ಮುನ್ನುಗ್ಗುವ ಪ್ರವೃತ್ತಿಗೂ ಹಿಡಿದಿಡುವ ಪ್ರವೃತ್ತಿಗೂ ನಡೆಯುವ ಹೋರಾಟದಲ್ಲಿ ಯಾವುದು ಎಷ್ಟು ಬಲವಾಗಿದೆ ಎಂಬುದನ್ನು ಈ ಸಂಖ್ಯೆಯು ಅಳೆಯುವುದು.

ಮೇಲೆ ಹೇಳಿದ ಕೋಣೆಯನ್ನೇ ತೆಗೆದುಕೊಳ್ಳೋಣ. ಒಳವ್ಯಾಸ ೧೫ ಮಿಲಿಮೀಟರು ಇರುವ ಕೊಳವೆಯಲ್ಲಿ ಗಂಟೆಗೆ ೪೩ ಕಿಲೋಗ್ರಾಂ ನೀರು ಹರಿಯುತ್ತಿರಲಿ. ನೀರು ೨೦ ಡಿಗ್ರಿಯಲ್ಲಿದ್ದರೆ ರೇನಾಲ್ಡ್ಸ್ ಸಂಖ್ಯೆಯು ಸುಮಾರು ೧೦೦೦, ಪ್ರವಾಹವು ಶಾಂತ. ಅದೇ ಕೊಳವೆ, ಅಷ್ಟೇ ನೀರು, ೮೦ ಡಿಗ್ರಿಗೆ ಕಾದರೆ ಸಂಖ್ಯೆಯು ೨೮೦೦ನ್ನು ಮೀರುವುದು. ಪ್ರವಾಹವು ಸಂಧಿಯನ್ನು ಹೊಕ್ಕಿತು. ನಸುಕಿನಲ್ಲಿ ಬಾಯ್ಲರನ್ನು ಹೊತ್ತಿಸಿದ ಮೇಲೆ ಕೊಳವೆಯೊಳಗಿನ ಗತಿಯು ಯಾರ ಕಣ್ಣಿಗೂ ಬೀಳದೆ ಹೀಗೆ ಮಾರ್ಪಡುತ್ತ ಹೋಗುವುದು.

ಈಗ ಸ್ನಿಗ್ಧತೆ ಎಂಬ ಶಬ್ದವನ್ನು ಇನ್ನೊಮ್ಮೆ ನೋಡಬಹುದು. ಜಿಗುಟು ಹೆಚ್ಚಾದಷ್ಟೂ ರೇನಾಲ್ಡ್ಸ್ ಸಂಖ್ಯೆಯು ಇಳಿಯುವುದು, ಸುಳಿಗಳು ಅಡಗುವುವು, ಪ್ರವಾಹವು ನುಣುಪಾಗುವುದು. ಆದುದರಿಂದ ನುಣುಪು ಎಂಬ ಲೋಕರೂಢಿಯ ಅರ್ಥವೂ ಸಂಪೂರ್ಣವಾಗಿ ಸುಳ್ಳಲ್ಲ. ಸ್ನಿಗ್ಧತೆಯು ಹರಿವನ್ನು ತಡೆಯುವುದು ಮತ್ತು ಅದೇ ಗುಣದಿಂದ ಹರಿವನ್ನು ಶಾಂತಗೊಳಿಸುವುದು. ಶಬ್ದದ ಎರಡು ಅರ್ಥಗಳೂ ವಸ್ತುವಿನ ಎರಡು ಮುಖಗಳಿಗೆ ಹೊಂದುವುವು. ಆದರೆ ಎರಡನ್ನೂ ಬಿಡಿಸಿ ಹೇಳದ ಅಧ್ಯಾಪಕನ ಕೈಯಲ್ಲಿ ಅದು ಅರ್ಧಸತ್ಯವನ್ನೇ ಕಲಿಸುವುದು.

ಕ್ಷುಬ್ಧಪ್ರವಾಹದಲ್ಲಿ ಲೆಕ್ಕವು ಬೇರೆ. ಶಾಂತವಾಗಿದ್ದಾಗ ಹರಿವನ್ನು ಇಮ್ಮಡಿಸಲು ಒತ್ತಡವನ್ನು ಇಮ್ಮಡಿಸಿದರೆ ಸಾಕು. ಕ್ಷುಬ್ಧವಾದಾಗ ಒತ್ತಡವು ಸುಮಾರು ನಾಲ್ಕು ಮಡಿಯಾಗಬೇಕು. ಸುಳಿಗಳನ್ನು ಎಬ್ಬಿಸುವುದರಲ್ಲಿಯೇ ಶಕ್ತಿಯು ವ್ಯಯವಾಗುವುದು. ಕೊಳವೆಯ ಗೋಡೆಯ ಒರಟುತನವೂ ಇಲ್ಲಿ ಲೆಕ್ಕಕ್ಕೆ ಬರುವುದು. ೧೮೪೫ರಲ್ಲಿ ಸ್ಯಾಕ್ಸನಿಯ ವೈಸ್‌ಬಾಖ್ ಘರ್ಷಣೆಯ ಸೂತ್ರವನ್ನು ಇಂದಿನ ರೂಪದಲ್ಲಿ ಬರೆದನು. ಡಿಜೋನ್ ಪಟ್ಟಣಕ್ಕೆ ನೀರನ್ನು ತಂದುಕೊಟ್ಟ ಹೆನ್ರಿ ಡಾರ್ಸಿಯು ಹೊಸ ಹಾಗೂ ಹಳೆಯ ಕೊಳವೆಗಳನ್ನು ಪರೀಕ್ಷಿಸಿ ೧೮೫೭ರಲ್ಲಿ ಒರಟುತನದ ಪರಿಣಾಮವನ್ನು ತೋರಿಸಿದನು. ೧೯೩೩ರಲ್ಲಿ ಗೊಟ್ಟಿಂಗೆನ್ ನಗರದ ನಿಕುರಾಡ್ಸೆ ಎಂಬವನು ಕೊಳವೆಗಳ ಒಳಮೈಗೆ ಅಳತೆಯ ಮರಳುಕಾಳುಗಳನ್ನು ಅಂಟಿಸಿ ಆ ಪರಿಣಾಮವನ್ನು ಅಂಕೆಗಳಲ್ಲಿ ನಿರ್ಣಯಿಸಿದನು. ೧೯೪೪ರಲ್ಲಿ ಅಮೆರಿಕದ ಮೂಡಿ ಇವೆಲ್ಲವನ್ನೂ ಒಂದೇ ನಕ್ಷೆಯಲ್ಲಿ ಕೂಡಿಸಿಕೊಟ್ಟನು. ಎಂಜಿನಿಯರುಗಳು ಅದನ್ನು ಇಂದಿಗೂ ಬಳಸುವರು.

ಹಾಗಾದರೆ ಸುಳಿಗಳು ಬರಿಯ ಕೇಡೆಂದು ಎಣಿಸಬೇಕೆ? ಹಾಗಲ್ಲ. ಶಾಂತವಾದ ಪ್ರವಾಹದಲ್ಲಿ ನಡುವಣ ಬಿಸಿನೀರಿನ ಶಾಖವು ಪದರದಿಂದ ಪದರಕ್ಕೆ ದಾಟಿ ಮೆಲ್ಲಮೆಲ್ಲನೆ ಗೋಡೆಯನ್ನು ಮುಟ್ಟಬೇಕು. ಕ್ಷುಬ್ಧವಾದಾಗ ಸುಳಿಗಳು ನಡುವಣ ನೀರನ್ನೇ ಎತ್ತಿ ಗೋಡೆಯ ಬಳಿಗೆ ಒಯ್ಯುವುವು. ಒತ್ತಡದಲ್ಲಿ ನಷ್ಟವಾದುದು ಶಾಖದ ವಿನಿಮಯದಲ್ಲಿ ಲಾಭವಾಗಿ ಹಿಂದಿರುಗುವುದು.

೫. ಕೊನೆಯ ಕೋಣೆಯ ಕಷ್ಟ

ಇದುವರೆಗೆ ಒಂದು ಕೊಳವೆಯ ಮಾತಾಯಿತು. ನಿಜವಾದ ಕಟ್ಟಡದಲ್ಲಿ ಹತ್ತಾರು ಕವಲುಗಳಿರುವುವು. ಎಲ್ಲ ಕವಲುಗಳ ಎರಡು ತುದಿಗಳೂ ಒಂದೇ ಪಂಪಿಗೆ ಸೇರಿರುವುದರಿಂದ ನೀರು ತಡೆ ಕಡಿಮೆಯಾದ ಕಡೆಗೆ ಹೆಚ್ಚಾಗಿಯೂ, ತಡೆ ಹೆಚ್ಚಾದ ಕಡೆಗೆ ಕಡಿಮೆಯಾಗಿಯೂ ಹಂಚಿಕೊಳ್ಳುವುದು. ಪಂಪಿನ ಬಳಿಯ ಕೋಣೆಗೆ ದಾರಿ ಚಿಕ್ಕದು. ದೂರದ ಕೋಣೆಗೆ ದೊಡ್ಡದು. ಹತ್ತಿರದ ಕೋಣೆಯಲ್ಲಿ ಜನರು ಸೆಖೆಯೆಂದು ಕಿಟಕಿ ತೆರೆದಿರುವಾಗ ಕೊನೆಯ ಕೋಣೆಯಲ್ಲಿ ಕಂಬಳಿ ಹೊದ್ದು ನಡುಗುವರು. ನಮ್ಮ ನಾಡಿನಲ್ಲಿ ಕಾಲುವೆಯ ಮೊದಲ ಗದ್ದೆಗಳು ತುಂಬಿ ತುಳುಕುತ್ತಿರುವಾಗ ತುದಿಯ ಗದ್ದೆಯ ಒಕ್ಕಲಿಗನು ನೀರಿಗಾಗಿ ಕಾದು ಕುಳಿತಿರುವುದನ್ನು ಕಂಡವರಿಗೆ ಈ ಸ್ಥಿತಿಯು ಸುಲಭವಾಗಿ ಅರ್ಥವಾಗುವುದು.

ಇದಕ್ಕೆ ಹಲವರು ಮಾಡುವ ಪರಿಹಾರವು ದೊಡ್ಡ ಪಂಪನ್ನು ತಂದು ಹಾಕುವುದು. ಅದರ ಫಲವನ್ನು ಲೆಕ್ಕ ಹಾಕಿ ನೋಡಬಹುದು. ಕೋಣೆಯು ೨೦ ಡಿಗ್ರಿಯಲ್ಲಿರುವಾಗ ೯೦ ಡಿಗ್ರಿಯ ನೀರು ಬಂದು ೭೦ ಡಿಗ್ರಿಯಲ್ಲಿ ಹಿಂದಿರುಗುವ ರೇಡಿಯೇಟರಿಗೆ ಇಮ್ಮಡಿ ನೀರನ್ನು ಕೊಟ್ಟರೆ ಅದು ಹೊರಸೂಸುವ ಶಾಖವು ಇಮ್ಮಡಿಯಾಗುವುದಿಲ್ಲ. ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚುವುದು. ರೇಡಿಯೇಟರಿನ ಮೈ ಅಷ್ಟೇ ಇರುವುದು. ನೀರು ಬೇಗ ಹಾದುಹೋಗಿ ಹೆಚ್ಚು ಬಿಸಿಯಾಗಿಯೇ ಹಿಂದಿರುಗುವುದು. ಪಂಪಿನ ಖರ್ಚಾದರೋ ಒತ್ತಡವು ನಾಲ್ಕು ಮಡಿ, ನೀರು ಎರಡು ಮಡಿ, ಒಟ್ಟು ಸುಮಾರು ಎಂಟು ಮಡಿಯಾಗುವುದು. ಮತ್ತೊಂದು ಕಡೆಯಿಂದ ನೋಡಿದರೆ ನೀರನ್ನು ಅರ್ಧಕ್ಕೆ ಇಳಿಸಿದಾಗಲೂ ಅದೇ ರೇಡಿಯೇಟರು ನೂರಕ್ಕೆ ಸುಮಾರು ೮೫ರಷ್ಟು ಶಾಖವನ್ನು ಕೊಡುತ್ತಲೇ ಇರುವುದು. ಇದರಿಂದ ತಿಳಿಯುವುದೇನೆಂದರೆ, ಹತ್ತಿರದ ಕೋಣೆಗೆ ಹರಿಯುವ ಹೆಚ್ಚುವರಿ ನೀರು ಅಲ್ಲಿ ಹೆಚ್ಚೇನೂ ಉಪಕಾರ ಮಾಡದು. ಅದೇ ನೀರಿನ ಅಭಾವವು ದೂರದ ಕೋಣೆಯಲ್ಲಿ ಚಳಿಯಾಗಿ ಪರಿಣಮಿಸುವುದು.

ಆದುದರಿಂದ ಸರಿಯಾದ ಪರಿಹಾರವು ಹಂಚಿಕೆಯನ್ನು ತಿದ್ದುವುದೇ. ಹತ್ತಿರದ ಕವಲುಗಳಲ್ಲಿ ಕವಾಟಗಳನ್ನು ಇಟ್ಟು, ಬೇಕೆಂದೇ ತಡೆಯನ್ನು ಹೆಚ್ಚಿಸಿ, ಎಲ್ಲ ದಾರಿಗಳ ತಡೆಯನ್ನೂ ಸಮಾನಗೊಳಿಸುವರು. ಟಿಷೆಲ್‌ಮನ್ ಎಂಬ ಜರ್ಮನ್ ಎಂಜಿನಿಯರನ ಹೆಸರಿನಿಂದ ಪ್ರಸಿದ್ಧವಾದ ಮತ್ತೊಂದು ಕ್ರಮವುಂಟು. ಅದರಲ್ಲಿ ಮೊದಲು ನೀರನ್ನು ಪಡೆದ ಕೋಣೆಯ ನೀರು ಎಲ್ಲರಿಗಿಂತ ಕಡೆಯಲ್ಲಿ ಬಾಯ್ಲರನ್ನು ಸೇರುವಂತೆ ಹಿಂದಿರುಗುವ ಕೊಳವೆಯನ್ನು ಸುತ್ತಿಸಿ ಹಾಕುವರು. ಹೋಗುವ ದಾರಿ ಚಿಕ್ಕದಾದವರಿಗೆ ಬರುವ ದಾರಿ ದೊಡ್ಡದು. ಹೋಗುವ ದಾರಿ ದೊಡ್ಡದಾದವರಿಗೆ ಬರುವ ದಾರಿ ಚಿಕ್ಕದು. ಹೀಗೆ ಎಲ್ಲರ ಪಾಲಿಗೂ ಒಟ್ಟು ದಾರಿಯು ಒಂದೇ ಆಗುವುದು.

ಇನ್ನೆರಡು ತೊಡಕುಗಳನ್ನು ಸಂಕ್ಷೇಪವಾಗಿ ಹೇಳುವೆನು. ೧೦ ಡಿಗ್ರಿಯಿಂದ ೮೦ ಡಿಗ್ರಿಗೆ ಕಾದ ನೀರು ನೂರಕ್ಕೆ ಸುಮಾರು ಮೂರು ಪಾಲು ಹಿಗ್ಗುವುದು. ಈ ಹಿಗ್ಗಿಗೆ ಎಡೆಕೊಡದಿದ್ದರೆ ಕೊಳವೆಗಳು ಒಡೆಯುವುವು. ಅದಕ್ಕಾಗಿ ಗಾಳಿಯ ಮೆತ್ತೆಯುಳ್ಳ ಒಂದು ಪಾತ್ರೆಯನ್ನು ಸೇರಿಸಿರುವರು. ಎರಡನೆಯದಾಗಿ, ತಣ್ಣೀರಿನಲ್ಲಿ ಕರಗಿದ್ದ ಗಾಳಿಯು ಕಾದಾಗ ಗುಳ್ಳೆಗಳಾಗಿ ಹೊರಬಿದ್ದು ಎತ್ತರದ ಬಾಗುಗಳಲ್ಲಿ ಸೇರಿಕೊಳ್ಳುವುದು. ನೀರಿನ ಎರಡು ಕಂಬಗಳ ನಡುವೆ ಗುಳ್ಳೆಯು ಸಿಕ್ಕಿಕೊಂಡರೆ ರಾಟೆಯ ಎರಡು ಕೊಡಗಳ ಸಮತೂಕವೇ ಕೆಡುವುದು, ಸಂಚಾರವು ನಿಲ್ಲುವುದು. ರೇಡಿಯೇಟರಿನ ನೆತ್ತಿಯಲ್ಲಿರುವ ಸಣ್ಣ ತಿರುಪನ್ನು ಸಡಿಲಿಸಿ ಗಾಳಿಯನ್ನು ಬಿಟ್ಟೊಡನೆ ಅನೇಕ ಸಲ ತಣ್ಣಗಿದ್ದ ಕೋಣೆಯು ಬೆಚ್ಚಗಾಗುವುದು.

೬. ಹೊಗೆಯ ಕೊಲ್ಲಿ

ಈ ನಿಯಮಗಳೆಲ್ಲ ಒಂದು ನಗರದ ಅಳತೆಯಲ್ಲಿ ಕೆಲಸಮಾಡುವುದನ್ನು ನೋಡಬೇಕಾದರೆ ಸ್ನೊರಿಯ ನಾಡಿಗೇ ಹಿಂದಿರುಗಬೇಕು. ಐಸ್‌ಲೆಂಡಿನ ರಾಜಧಾನಿಯಾದ ರೇಕ್ಯಾವಿಕ್ ನಗರದ ಹೆಸರಿಗೆ ಹೊಗೆಯ ಕೊಲ್ಲಿ ಎಂದು ಅರ್ಥ. ಮೊದಲು ಬಂದು ನೆಲಸಿದವರು ಬಿಸಿನೀರಿನ ಬುಗ್ಗೆಗಳ ಆವಿಯನ್ನು ಕಂಡು ಹಾಗೆ ಕರೆದರೆಂದು ಹೇಳುವರು. ಆ ಬುಗ್ಗೆಗಳಿಗೆ ಹೆಂಗಸರು ಬಟ್ಟೆ ಒಗೆಯಲು ಹೋಗುತ್ತಿದ್ದ ದಾರಿಯು ಇಂದು ನಗರದ ಮುಖ್ಯ ಬೀದಿಯಾಗಿದ್ದು, ಅದರ ಹೆಸರು ಇಂದಿಗೂ ಬುಗ್ಗೆಯ ಹಾದಿ ಎಂಬ ಅರ್ಥವನ್ನೇ ಉಳಿಸಿಕೊಂಡಿರುವುದು. ೧೯೩೦ರಲ್ಲಿ ಅಲ್ಲಿಂದ ಸುಮಾರು ಮೂರು ಕಿಲೋಮೀಟರು ಉದ್ದದ ಕೊಳವೆಯನ್ನು ಹಾಕಿ ಒಂದು ಶಾಲೆಗೂ, ಆಸ್ಪತ್ರೆಗೂ, ಅರುವತ್ತು ಎಪ್ಪತ್ತು ಮನೆಗಳಿಗೂ ಬಿಸಿನೀರನ್ನು ಒದಗಿಸಿದರು. ಈಗ ಆ ದೇಶದ ಹತ್ತು ಮನೆಗಳಲ್ಲಿ ಒಂಬತ್ತು ಭೂಗರ್ಭದ ಶಾಖದಿಂದಲೇ ಬೆಚ್ಚಗಿರುವುವು.

೧೯೯೦ರಿಂದ ನೆಸ್ಯಾವೆಟ್ಲಿರ್ ಎಂಬ ಸ್ಥಳದಿಂದಲೂ ನಗರಕ್ಕೆ ನೀರು ಬರುತ್ತಿದೆ. ಅಲ್ಲಿ ಭೂಗರ್ಭದ ಆವಿಯಿಂದ ಶುದ್ಧವಾದ ತಣ್ಣೀರನ್ನು ಕಾಯಿಸಿ, ತುಕ್ಕು ಹಿಡಿಯದಂತೆ ಅದರಲ್ಲಿ ಕರಗಿದ ಗಾಳಿಯನ್ನು ತೆಗೆದು, ಸಮುದ್ರಮಟ್ಟದಿಂದ ೪೦೦ ಮೀಟರಿಗೂ ಎತ್ತರದ ತೊಟ್ಟಿಗೆ ಏರಿಸುವರು. ಅಲ್ಲಿಂದ ಮುಂದೆ ನೀರು ಇಳಿಜಾರಿನ ಬಲದಿಂದಲೇ ನಗರವನ್ನು ಸೇರುವುದು. ಕೊಳವೆಯ ಉದ್ದ ೨೭ ಕಿಲೋಮೀಟರು. ಆರಂಭದಲ್ಲಿ ಇಟ್ಟುಕೊಂಡ ಹರಿವಿನಲ್ಲಿ ನೀರಿಗೆ ಈ ಪಯಣಕ್ಕೆ ಸುಮಾರು ಏಳು ಗಂಟೆ ಹಿಡಿಯುವುದು. ಎಂದರೆ ಸೆಕೆಂಡಿಗೆ ಸುಮಾರು ಒಂದು ಮೀಟರು, ಮನುಷ್ಯನು ನಿಧಾನವಾಗಿ ನಡೆಯುವ ವೇಗ. ರೇನಾಲ್ಡ್ಸ್ ಸಂಖ್ಯೆಯು ಇಪ್ಪತ್ತು ಲಕ್ಷವನ್ನು ಮೀರುವುದು. ನಡಿಗೆಯ ವೇಗದಲ್ಲಿ ಸಾಗುವ ನೀರು ಒಳಗೆ ಸಂಪೂರ್ಣವಾಗಿ ಕ್ಷುಬ್ಧವಾಗಿರುವುದು.

ಇಷ್ಟು ದೂರ ಬಂದರೂ ನೀರಿನ ತಾಪವು ಸುಮಾರು ಎರಡು ಡಿಗ್ರಿ ಮಾತ್ರ ಇಳಿಯುವುದೆಂಬುದು ಆಶ್ಚರ್ಯಕರವಾಗಿ ತೋರಬಹುದು. ಕೊಳವೆಗೆ ಹೊದಿಸಿದ ಖನಿಜದ ಉಣ್ಣೆಯು ಒಂದು ಕಾರಣ, ಗಾತ್ರವು ಮತ್ತೊಂದು. ಕೊಳವೆಯ ವ್ಯಾಸವನ್ನು ಇಮ್ಮಡಿಸಿದರೆ ಶಾಖವು ಸೋರುವ ಮೈ ಇಮ್ಮಡಿ, ಒಳಗೆ ಹಿಡಿಯುವ ನೀರು ನಾಲ್ಕು ಮಡಿ. ಆದುದರಿಂದ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ದೊಡ್ಡ ಕೊಳವೆಯಲ್ಲಿ ಸೋರಿಕೆ ಅಲ್ಪ. ಕಿರುಕೊಳವೆಯಲ್ಲಿ ಕಳುಹಿಸಿದ್ದರೆ ಅದೇ ನೀರು ನಗರವನ್ನು ಮುಟ್ಟುವಷ್ಟರಲ್ಲಿ ಬಹಳವಾಗಿ ಆರಿಹೋಗುತ್ತಿತ್ತು.

೭. ಉಪಸಂಹಾರ

ಮೇಲಣ ವಿವರಣೆಯಿಂದ ಮೂರು ಸಂಗತಿಗಳು ವಾಚಕರ ಮನಸ್ಸಿನಲ್ಲಿ ನಿಂತರೆ ಲೇಖನವು ಸಾರ್ಥಕವಾದಂತೆ. ಮುಚ್ಚಿದ ಸುತ್ತಿನಲ್ಲಿ ನೀರನ್ನು ಎತ್ತುವ ಶ್ರಮವಿಲ್ಲ, ಉಜ್ಜಾಟವನ್ನು ಮೀರುವ ಶ್ರಮವೊಂದೇ ಉಂಟು. ಆ ಉಜ್ಜಾಟವು ಕೊಳವೆಯ ಅಗಲವನ್ನೂ ಪ್ರವಾಹದ ಶಾಂತಿಕ್ಷೋಭೆಗಳನ್ನೂ ಅನುಸರಿಸಿ ನಾವು ಸಹಜವಾಗಿ ಊಹಿಸುವುದಕ್ಕಿಂತ ಬಹು ಹೆಚ್ಚಾಗಿ ಬದಲಾಗುವುದು. ಕೊನೆಯ ಕೋಣೆಯ ಚಳಿಯು ಬಹುಮಟ್ಟಿಗೆ ಶಾಖದ ಕೊರತೆಯಿಂದಲ್ಲ, ಹಂಚಿಕೆಯ ದೋಷದಿಂದ ಬರುವುದು.

ಶಬ್ದಗಳ ವಿಷಯದಲ್ಲಿ ನನ್ನ ಸೂಚನೆಯಿಷ್ಟೆ. ಸ್ನಿಗ್ಧತೆ ಎಂಬುದು ಪಠ್ಯಗಳಲ್ಲಿ ಈಗಾಗಲೇ ನೆಲೆಗೊಂಡಿರುವುದರಿಂದಲೂ, ಅದರ ಧಾತ್ವರ್ಥವು ಸಮಂಜಸವಾಗಿರುವುದರಿಂದಲೂ ಅದನ್ನು ಬಿಡಬೇಕಾಗಿಲ್ಲ. ಆದರೆ ಮೊದಲ ಪಾಠದಲ್ಲಿ ಜಿಗುಟು ಎಂಬ ಮಾತಿನಿಂದಲೇ ಆರಂಭಿಸಿ, ಅನಂತರ ಸ್ನಿಗ್ಧತೆಯನ್ನು ತಂದು, ಎರಡಕ್ಕೂ ಇರುವ ಸಂಬಂಧವನ್ನು ತೋರಿಸುವುದು ಒಳ್ಳೆಯದು. ಹರಿ, ಸುಳಿ, ಸೆಳವು, ಮಡು, ಜಿನುಗು, ಒಸರು, ಚಿಮ್ಮು ಮುಂತಾಗಿ ನೀರಿನ ನಡೆಯನ್ನು ಕುರಿತ ಮಾತುಗಳು ಕನ್ನಡದಲ್ಲಿ ಹೇರಳವಾಗಿರುವುವು. ಹೊಳೆ ಕೆರೆಗಳ ದಡದಲ್ಲಿ ಬಾಳಿದ ಜನರು ನೋಡಿ ಇಟ್ಟ ಹೆಸರುಗಳಾದುದರಿಂದ ಇವುಗಳಲ್ಲಿ ಅರ್ಥದ ಸೂಕ್ಷ್ಮಭೇದಗಳು ತಾವಾಗಿಯೇ ಅಡಗಿವೆ. ಪಾರಿಭಾಷಿಕ ಕೋಶಗಳನ್ನು ರಚಿಸುವವರು ಸಂಸ್ಕೃತದ ಕಡೆಗೆ ಕೈಚಾಚುವುದಕ್ಕೆ ಮೊದಲು ಈ ಮಾತುಗಳನ್ನು ಒಮ್ಮೆ ಪರಿಶೀಲಿಸಿದರೆ, ವಸ್ತುವಿಗೂ ವಿದ್ಯಾರ್ಥಿಗೂ ನಡುವಣ ಕೊಳವೆಯಲ್ಲಿ ತಡೆಯು ಅಷ್ಟರಮಟ್ಟಿಗೆ ಕಡಿಮೆಯಾದೀತೆಂದು ನಂಬಿರುವೆನು.